ಜಮಖಾನ ತೊಳೆಸುವ ವಿಚಾರ

ಕೆಲವರಿಗೆ ಮರ್ಯಾದೆ ಓದಿನಿಂದ ಬರುತ್ತದೆ, ಕೆಲವರಿಗೆ ಹೊಲಮನೆಯಿಂದ ಬರುತ್ತದೆ, ಇನ್ನು ಕೆಲವರಿಗೆ ಬರೀ ಮೀಸೆಯಿಂದಲೇ ಬಂದುಬಿಡುತ್ತದೆ. ನನಗೆ ಬಂದದ್ದು ಜಮಖಾನದಿಂದ. ಹೇಳಿಕೊಳ್ಳುವುದಕ್ಕೆ ನಾಚಿಕೆಯೇನಿಲ್ಲ. ಬಳ್ಳಾರಿಯ ಹತ್ತಿ ಮಂಡಿಯೊಂದರಲ್ಲಿ ಗುಮಾಸ್ತನಾಗಿರುವ ನನ್ನನ್ನು ಸತ್ಯನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಯಾವ ಕಾರ್ಯವಾದರೂ ಮೊದಲು ಕರೆಯುತ್ತಿದ್ದರು. ನಟ್ಟನಡುವೆ ಕೂಡಿಸುತ್ತಿದ್ದರು. ಎಲೆ ಅಡಿಕೆಯ ತಟ್ಟೆ ನನ್ನ ಮುಂದೆ ನಿಂತೇ ಮುಂದಕ್ಕೆ ಹೋಗುತ್ತಿತ್ತು. ಇದೆಲ್ಲ ನನ್ನ ಗಂಭೀರವಾದ ಮುಖಕ್ಕೆ ಸಲ್ಲುವ ಗೌರವ ಎಂದೇ ಬಹಳ ವರ್ಷ ನಂಬಿದ್ದೆ. ಓಣಿಗೆಲ್ಲ ದೊಡ್ಡ ಜಮಖಾನ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ, ಜಮಖಾನ ಕೊಟ್ಟವರನ್ನು ಕರೆಯದಿದ್ದರೆ ಚೆನ್ನಾಗಿರುವುದಿಲ್ಲ ಎಂಬ ಸತ್ಯ ನನ್ನ ಹೆಂಡತಿಗೆ ಮದುವೆಯಾದ ವರ್ಷವೇ ತಿಳಿದಿತ್ತಂತೆ. "ನಿಮಗ ಬ್ಯಾಸರ ಆದೀತಂತ ಬಾಯಿ ಬಿಟ್ಟಿದ್ದಿಲ್ಲ" ಎಂದಳು.

ಜಮಖಾನ ಅವಳದೇ. ಕುರುಗೋಡಿನ ನಮ್ಮ ಮಾವನವರು ಅದನ್ನು ಆದವಾನಿಯಲ್ಲಿ ನೇಯಿಸಿ, ಮದುವೆಯ ಸಾಮಾನಿನ ಜೊತೆ ಬಂಡಿಯಲ್ಲಿ ಹೇರಿ ಕಳಿಸಿದ್ದರು. ಕೆಂಪು ನೆಲ, ನೀಲಿ ಪಟ್ಟೆ, ಅಂಚಿಗೆ ಬಿಳಿಯ ಕುಚ್ಚು. "ಮಗಳು ಕುಂದ್ರಲಿ ಅಂತ ನಮ್ಮಪ್ಪ ಕೊಟ್ಟ. ನಾ ಒಂದಿನಾನೂ ಕುಂತಿಲ್ಲ, ಊರ ಮಂದಿ ಕುಂತೈತಿ" ಎಂದು ಅವಳು ಹೇಳುವುದರಲ್ಲಿ ಸುಳ್ಳಿಲ್ಲ. ನಾಮಕರಣಕ್ಕೆ ಹೋಯಿತು, ಭಜನೆಗೆ ಹೋಯಿತು, ಅಣ್ಣತಮ್ಮಂದಿರ ಪಾಲು ಹಂಚಿಕೆಗೂ ಹೋಯಿತು. ಬಳ್ಳಾರಿ ಮೈಸೂರಿಗೆ ಸೇರಬೇಕೋ ಆಂಧ್ರಕ್ಕೆ ಸೇರಬೇಕೋ ಎಂಬ ವಾದ ಕಾವೇರಿದಾಗ ಒಂದು ಸಂಜೆ ಕನ್ನಡದವರು ಒಯ್ದು ಹಾಸಿದರು, ಮರುಸಂಜೆ ತೆಲುಗಿನವರು ಒಯ್ದು ಹಾಸಿದರು. ಎರಡು ಕಡೆಯವರೂ ನೆಲ ಗುದ್ದಿ ಗುದ್ದಿ ಮಾತಾಡಿದರು. ಗುದ್ದು ಬಿದ್ದದ್ದು ಜಮಖಾನಕ್ಕೆ. ಊರು ಯಾರ ಪಾಲಿಗಾದರೂ ಹೋಗಲಿ, ನಮ್ಮ ಜಮಖಾನದ ನಡುಭಾಗ ಮಾತ್ರ ಇಬ್ಬರ ಪಾಲಿಗೂ ಇಲ್ಲದ ಹಾಗೆ ಹೋಯಿತು. ತಾಂಬೂಲದ ತಟ್ಟೆಯಷ್ಟು ಅಗಲದ ತೂತು. ಕುಚ್ಚು ಉದುರಿತು. ಕೆಂಪು ಬಣ್ಣ ಎಲೆ ಅಡಿಕೆ ಉಗುಳಿದಲ್ಲಿ ಬಿಟ್ಟು ಬೇರೆಲ್ಲ ಕಡೆ ಮಾಸಿತು. ಬಿಚ್ಚಿದರೆ ಓಣಿಯ ಎಲ್ಲ ಶುಭಕಾರ್ಯಗಳ ವಾಸನೆ ಒಟ್ಟಿಗೇ ಬರುತ್ತಿತ್ತು.

ಇಂಥ ಹೊತ್ತಿನಲ್ಲಿ ಪಕ್ಕದ ಮನೆಯ ಎಣ್ಣೆ ವ್ಯಾಪಾರಿ ವೀರಭದ್ರಪ್ಪ ಹೊಸ ಜಮಖಾನ ತಂದರು. ಅದೂ ಆದವಾನಿಯದೇ, ಅದೂ ಕೆಂಪೇ. ಆ ತಿಂಗಳು ಓಣಿಯಲ್ಲಿ ನನಗೆ ಹೇಳದೆ ಒಂದು ನಾಮಕರಣ ಮುಗಿಯಿತು, ಒಂದು ಗೃಹಪ್ರವೇಶವೂ ಮುಗಿಯಿತು. ಕಿಟಕಿಯಲ್ಲಿ ನಿಂತು ನೋಡಿದರೆ ನಟ್ಟನಡುವೆ ವೀರಭದ್ರಪ್ಪ. ಮುಖದಲ್ಲಿ ಗಾಂಭೀರ್ಯ ಬೇರೆ. ಅದನ್ನು ಎಲ್ಲಿಂದ ತಂದರೋ. ನನಗೆ ಊಟ ರುಚಿಸಲಿಲ್ಲ. ಜಮಖಾನ ತೊಳೆಸಿಬಿಡುವುದೇ ಸರಿ ಎಂದು ತೀರ್ಮಾನಿಸಿ, ಈ ಕೆಲಸಕ್ಕೆ ಹೆಸರಾದ ಕೌಲ್ ಬಜಾರಿನ ಖಾದರ್ ಸಾಬರಿಗೆ ಹೇಳಿ ಕಳಿಸಿದೆ. ತೊಳೆಯುವುದು, ತೂತು ಹೆಣೆಯುವುದು ಎರಡೂ ಅವರೇ.

ಖಾದರ್ ಸಾಬರು ಬಂದರು, ಚಹಾ ಕುಡಿದರು, ಜಮಖಾನದ ಸುತ್ತ ನಡೆದಾಡಿದರು.

"ತೊಳಿಬೌದಾ, ಸಾಬ್ರ?"

"ಯಾಕ ತೊಳಿಬಾರ್ದು? ತೊಳಿಬೌದು."

"ತೊಳದ್ರ ಬಾಳಿಕಿ ಬರತೈತಾ?"

"ಅಲ್ಲಾ ನಡಸಿದಂಗ."

"ಮತ್ತ ಈ ತೂತು?"

"ತೂತು ತೊಳದ್ರ ಹೋಗಂಗಿಲ್ಲ ಯಜಮಾನ್ರ, ದೊಡ್ಡದಾಗತೈತಿ. ಆಮ್ಯಾಲ ಹೆಣಿಯೋಣಂತ. ಮೊದ್ಲ ಸಿರುಗುಪ್ಪಕ್ಕ ಒಯ್ತೀನಿ."

ಒಳಗೆ ನನ್ನ ಹೆಂಡತಿ ಕೆಮ್ಮಿದಳು. ಸಿರುಗುಪ್ಪ ನಮ್ಮ ಬೀಗರ ಊರು. ಮಗಳನ್ನು ಕೊಟ್ಟಿರುವುದು ಅಲ್ಲಿಗೇ. ಕಾಲುವೆ ನೀರಿನ ಗದ್ದೆಯ ಮಂದಿ, ಎಲ್ಲವನ್ನೂ ಕನ್ನಡಕ ಏರಿಸಿ ನೋಡುವವರು.

"ಸಿರುಗುಪ್ಪಕ್ಕ ಯಾಕ್ರಿ?"

"ಬಳ್ಳಾರಿ ಬಾವಿ ನೀರು ಸೌಳು. ಬಣ್ಣ ತಿಂತೈತಿ. ಹರಿಯೋ ಹೊಳಿ ನೀರು ಬೇಕು. ತೊಳದು ದಂಡಿಮ್ಯಾಲ ಬಿಸಲಿಗೆ ಹಾಸ್ತೀನಿ. ಹೋಗೋರು ಬರೋರು ಯಾರದು ಅಂತ ಕೇಳಿದ್ರ ನಿಮ್ಮ ಹೆಸರು ಹೇಳ್ತೀನಿ. ಗಿರಾಕಿ ಹೆಸರು ಮುಚ್ಚಿಡೋ ಮನಷ್ಯಾ ಅಲ್ರಿ ನಾನು."

ಬೀಗರು ಬೆಳಗ್ಗೆ ಹೊಳೆಗೆ ಬರುವುದು, ದಂಡೆಯ ಮೇಲೆ ನನ್ನ ಮರ್ಯಾದೆ ತೂತಿನ ಸಮೇತ ಒಣಗುತ್ತಿರುವುದು, ಖಾದರ್ ಸಾಬರು ಪಕ್ಕದಲ್ಲಿ ನಿಂತು ನನ್ನ ಹೆಸರು ಕೂಗಿ ಹೇಳುವುದು, ಎಲ್ಲ ಕಣ್ಣಿಗೆ ಕಟ್ಟಿತು. ವಿಚಾರ ಮಾಡಿ ಹೇಳುತ್ತೇನೆ ಎಂದೆ. ಅವರಿಗೆ ಇನ್ನೊಂದು ಚಹಾ ಆಯಿತು.

"ತೊಳಸೋದು ಬ್ಯಾಡ, ಏನೂ ಬ್ಯಾಡ" ಎಂದಳು ಹೆಂಡತಿ. "ಈ ತಿಂಗಳು ಎಷ್ಟು ಚೊಲೊ ಐತಿ ನೋಡ್ರಿ, ಒಬ್ಬರೂ ಬಾಗಲಾ ಬಡದಿಲ್ಲ."

ಆಕೆ ಹಾಗೆಂದ ವಾರದಲ್ಲೇ ಬಾಗಿಲು ಬಡಿಯಿತು. ಬಂದವರು ವೀರಭದ್ರಪ್ಪ.

"ನಾಡಿದ್ದು ನಮ್ಮ ಹುಡುಗನ ನಿಶ್ಚಯ ಐತ್ರಿ. ನಿಮ್ಮ ಜಮಖಾನ ಬೇಕಾಗಿತ್ತು."

ನನ್ನ ಎದೆ ಉಬ್ಬಿತು. "ನಿಮ್ಮದು ಹೊಸಾದು ಐತಲ್ರಿ?"

"ಅದಕ್ಕ ಬೇಕಾಗೇತ್ರಿ. ನಮ್ಮನಿ ಕಲ್ಲಬಂಡಿ ನೆಲ, ಒರಟು. ಹೊಸಾದು ತಿಕ್ಕಿ ಸವದ್ರ ಹೆಂಗ? ಕೆಳಗ ನಿಮ್ಮದು ಹಾಸಿದ್ರ ಮ್ಯಾಲ ನಮ್ಮದು ಮೆತ್ತಗ ಕುಂದರತೈತಿ."

ಉಬ್ಬಿದ ಎದೆಯನ್ನು ಇಳಿಸಿಕೊಂಡು ಕೊಟ್ಟೆ. ನಿಶ್ಚಯಕ್ಕೆ ಕರೆದರು, ಹೋದೆ. ಕೂತವರೆಲ್ಲ "ಎಷ್ಟು ಮೆತ್ತಗೈತ್ರಿ ಜಮಖಾನ!" ಎಂದು ವೀರಭದ್ರಪ್ಪನವರನ್ನು ಹೊಗಳಿದರು. ತಡೆಯಲಾರದೆ ಪಕ್ಕದವರ ಕಿವಿಯಲ್ಲಿ "ಕೆಳಗ ನಮ್ಮದೈತಿ" ಎಂದೆ. ಅವರು "ಹೌದಾ?" ಎಂದು ಮೂಗಿಗೆ ಹೆಗಲ ಮೇಲಿನ ವಲ್ಲಿ ಹಿಡಿದು ಸ್ವಲ್ಪ ಸರಿದು ಕೂತರು.

ಈ ಲೆಕ್ಕ ತೀರಿಸುವ ಅವಕಾಶ ಬೇಗನೆ ಬಂತು. ಬಾಣಂತನಕ್ಕೆ ಬಂದಿದ್ದ ಮಗಳಿಗೆ ಗಂಡು ಕೂಸಾಗಿತ್ತು. ತೊಟ್ಟಿಲ ಕಾರ್ಯಕ್ಕೆ ಸಿರುಗುಪ್ಪದಿಂದ ಬೀಗರು ಬರುವವರಿದ್ದರು. ನಾನು ಸಂಕೋಚ ಬಿಟ್ಟು ವೀರಭದ್ರಪ್ಪನವರ ಹೊಸ ಜಮಖಾನ ಕೇಳಿ ತಂದೆ. ಅವರನ್ನೂ ಕರೆದೆ, ಕರೆಯದೆ ಹೇಗೆ? ನಮ್ಮದು ಕೆಳಗೆ, ಅವರದು ಮೇಲೆ ಎಂದು ಹೆಂಡತಿಗೆ ಹೇಳಿ ಬೀಗರನ್ನು ಕರೆತರಲು ಬಸ್ಸಿನ ಹತ್ತಿರ ಹೋದೆ. ಇಂದು ಬೀಗರು ನನ್ನನ್ನು ಕೆಂಪು ಜಮಖಾನದ ಮೇಲೆ ನೋಡಬೇಕು, ಅಷ್ಟೇ ನನ್ನ ಆಸೆ.

ಬೀಗರ ಜೊತೆ ಬಾಗಿಲಿಗೆ ಬಂದು ನೋಡುತ್ತೇನೆ, ನಮ್ಮ ಹಳೆಯದು ಮೇಲೆ ಮಲಗಿದೆ! ಬೀಗರು ಕಾಲು ತೊಳೆಯುತ್ತಿರುವಾಗ ಒಳಗೆ ನುಗ್ಗಿ, "ಇದೇನಽ ಇದು?" ಎಂದು ಹಲ್ಲು ಕಡಿದೆ.

"ಮಂದಿ ಸಾಮಾನು ಅದು. ಇಷ್ಟು ಕೂಸುಗಳು ಬಂದಾವ. ಯಾವುದಾದ್ರೂ ಹೊಲಸು ಮಾಡಿದ್ರ ನೀವು ಸಿರುಗುಪ್ಪದ ಹೊಳಿಗೆ ಹೊತಗೊಂಡು ಹೋಗ್ತೀರೇನು? ನಮ್ಮದು ಮ್ಯಾಲಿದ್ರ ಚಿಂತಿಲ್ಲ" ಎಂದಳು ತಣ್ಣಗೆ.

ಅಷ್ಟರಲ್ಲಿ ಬೀಗರು ಒಳಗೆ ಬಂದು ನಡುವಿಗೇ ಹೋಗಿ ಕೂತರು. ತೂತಿನ ಪಕ್ಕದಲ್ಲೇ. ಹತ್ತಿರ ವೀರಭದ್ರಪ್ಪ. ನಾನು ಗೋಡೆಗೆ ಒರಗಿ ದೇವರನ್ನು ನೆನೆದೆ. ಬೀಗರು ಕನ್ನಡಕ ಏರಿಸಿ ಬಗ್ಗಿದರು. ತೂತಿನಲ್ಲಿ ಕೆಳಗಿನ ಹೊಸ ಕೆಂಪು ಝಗ್ಗನೆ ಹೊಳೆಯುತ್ತಿತ್ತು. ಬೆರಳಿನಿಂದ ಒತ್ತಿ ನೋಡಿದರು. ಇಷ್ಟು ಮಂದಿಯ ಭಾರಕ್ಕೆ ಎರಡೂ ಒಂದಕ್ಕೊಂದು ಕಚ್ಚಿಕೊಂಡಿದ್ದವು.

"ಬೀಗರ, ಈ ತೂತು ಯಾರು ಹೆಣದಾರ್ರಿ? ಸೂಜಿ ಆಡಿಸಿದ್ದ ತಿಳಿವಲ್ದು! ಬಣ್ಣ ನೋಡ್ರಿ, ಹೊಸಾದರಂಗ ಐತಿ!"

ನಿಜ ಹೇಳಬೇಕೆಂದೇ ಬಾಯಿ ತೆರೆದೆ. "ಕೌಲ್ ಬಜಾರಿನ ಖಾದರ್ ಸಾಬ್ರು" ಎಂದಿತು ಬಾಯಿ.

ವೀರಭದ್ರಪ್ಪನವರೂ ಬಾಯಿ ತೆರೆದರು. ನನ್ನ ಹೆಂಡತಿ ಎಲ್ಲಿದ್ದಳೋ, ಸಿಹಿ ಉಂಡೆಯ ತಟ್ಟೆಯನ್ನು ಅವರ ಮುಂದೆ ಹಿಡಿದು "ತಗೋರಿ ಅಣ್ಣಾರ, ಇನ್ನೊಂದು ತಗೋರಿ" ಎಂದಳು. ತೆರೆದ ಬಾಯಿಯ ಸದ್ವಿನಿಯೋಗವಾಯಿತು.

ಸ್ವಲ್ಪ ದಿನದ ಮೇಲೆ ಖಾದರ್ ಸಾಬರು ತಾವಾಗಿಯೇ ಬಂದರು.

"ನಿಮ್ಮ ಬೀಗರು ಹೊಳಿ ದಂಡಿಗೆ ಬಂದು ತಮ್ಮ ಹರಕ ಜಮಖಾನ ಎಲ್ಲಾ ನನಗ ಹೊರಸಿ ಹೋದ್ರು. ಅವರ ಅಣ್ಣತಮ್ಮಗಳೂ ಕಳಸ್ಯಾರ. ಗುಮಾಸ್ತರದಕ್ಕ ಮಾಡಿದಂಗ ಮಾಡು ಅಂತಾರ. ನಿಮ್ಮದಕ್ಕ ನಾ ಏನ್ ಮಾಡೀನ್ರಿ?"

ಜಮಖಾನ ಬಿಚ್ಚಿದೆ. ತೂತಿನಲ್ಲಿ ನಮ್ಮ ನೆಲ ಕಂಡಿತು. ಎಲ್ಲ ಹೇಳಿದೆ. ಖಾದರ್ ಸಾಬರು ಗಡ್ಡ ನೀವಿಕೊಳ್ಳುತ್ತ ತೂತನ್ನೇ ನೋಡಿದರು.

"ತಪ್ಪಾತು ಸಾಬ್ರ. ಈಗ ಒಯ್ರಿ. ಖರೇನ ತೊಳದು ಖರೇನ ಹೆಣದುಬಿಡ್ರಿ" ಎಂದೆ.

ಅವರು ಗಾಬರಿಯಿಂದ ಎರಡೂ ಕೈ ಆಡಿಸಿದರು. "ಬ್ಯಾಡ್ರೀ ಯಜಮಾನ್ರ! ಇದು ಹಿಂಗ ಇರ್ಲಿ. ನಾ ಹೆಣದ್ರ ಅಷ್ಟು ಚೊಲೊ ಆಗಂಗಿಲ್ಲ. ನನ್ನ ಹೆಸರು ಕೆಡತೈತಿ."

ಅಲ್ಲಿಗೆ ತೊಳೆಸುವ ವಿಚಾರ ಮುಗಿಯಿತು. ಈಗ ಬೀಗರು ಬರುತ್ತಾರೆಂದು ಸುದ್ದಿ ಬಂದಾಗಲೆಲ್ಲ ನಾನು ಪಕ್ಕದ ಮನೆಗೆ ಹೋಗಿ ನಿಲ್ಲುತ್ತೇನೆ. ವೀರಭದ್ರಪ್ಪ ನನ್ನ ಮುಖ ನೋಡಿದ ಕೂಡಲೇ ಒಳಗೆ ಕೂಗುತ್ತಾರೆ: "ಲೇ, ಹೊಸಾದು ತಗೊಂಬರ್ರಿ, ಗುಮಾಸ್ತರು ಕೆಳಗ ಹಾಸಾಕ ಬಂದಾರ!"