ಯರ್ರಿಸ್ವಾಮಿಯ ಮೇಸ್ತ್ರಿಕೆ

ಹಳೇ ಮೇಸ್ತ್ರಿ ತಿಪ್ಪೇರುದ್ರಪ್ಪ ಹೇಳದೆ ಕೇಳದೆ ಬಳ್ಳಾರಿಯ ದೊಡ್ಡ ಜೀನ್ಸ್ ಯೂನಿಟ್ಟಿಗೆ ಹೊರಟುಹೋದದ್ದೇ ಯರ್ರಿಸ್ವಾಮಿಯ ಗ್ರಹಚಾರಕ್ಕೆ ಮೂಲವಾಯಿತು. ರಾಯದುರ್ಗದ ಓಣಿ ಓಣಿಯಲ್ಲೂ ಜೀನ್ಸ್ ಹೊಲಿಯುವ ಯಂತ್ರಗಳು ಸದ್ದು ಮಾಡುತ್ತಿದ್ದ ಕಾಲ ಅದು. ನೀಲಿ ಬಣ್ಣ ಹತ್ತಿದ ಬೆರಳುಗಳಲ್ಲೇ ಊರಿಗೆ ಊರೇ ಒಗ್ಗರಣೆ ಮಂಡಕ್ಕಿ ತಿನ್ನುತ್ತಿತ್ತು. ಯಾರ ಹೊಟ್ಟೆಯೂ ಕೆಟ್ಟದ್ದು ಕೇಳಿಲ್ಲ.

ಬೆಳಿಗ್ಗೆ ಸಾಹುಕಾರ ಸೂರಪ್ಪ ಬಂದವನೇ, "ಯರ್ರಿಸ್ವಾಮಿ, ಇವತ್ತಿಂದ ನೀನೇ ಮೇಸ್ತ್ರಿ. ಸಂಜಿ ಲಾರಿಗೆ ಮಾಲು ಹೋಗಬೇಕು ನೋಡು" ಎಂದು ಸ್ಕೂಟರ್ ಹತ್ತಿ ಹೋದ.

ಜಿಪ್ ಹೊಲಿಯುವುದರಲ್ಲಿ ಯರ್ರಿಸ್ವಾಮಿ ಎತ್ತಿದ ಕೈ. ಆದರೆ ಅವನಿಗೆ ಮನೆಯ ಬೆಕ್ಕೂ ಹೆದರುತ್ತಿರಲಿಲ್ಲ. ಕೂಡಲೇ ಉಪದೇಶ ಶುರುವಾಯಿತು.

"ಮೇಸ್ತ್ರಿ ಅಂದ್ರ ಹುಲಿ ಇದ್ದಂಗ ಇರಬೇಕು. ಒಂದು ಸಲ ಗದರಿಸಿಬಿಡು" ಎಂದ, ಬಟ್ಟೆ ಕತ್ತರಿಸುವ ಮಾರೇಶ.

ಯರ್ರಿಸ್ವಾಮಿ ಎದೆಯುಬ್ಬಿಸಿ, "ಏಯ್! ಮಾತು ನಿಲ್ಲಿಸ್ರಿ!" ಎಂದು ಕೂಗಿದ. ದನಿ ತಾಯಿಯಿಂದ ತಪ್ಪಿಸಿಕೊಂಡ ಕುರಿಮರಿಯ ಕೂಗಿನ ಹಾಗೆ ಹೊರಬಿತ್ತು. ಹೆಂಗಸರೆಲ್ಲ ಬಾಯಿಗೆ ಸೆರಗಿಟ್ಟು ನಕ್ಕರು.

"ಹುಲಿ ಬ್ಯಾಡಪ್ಪ, ತಾಯಿ ಇದ್ದಂಗ ಇರು" ಎಂದಳು ಎಲ್ಲರಿಗಿಂತ ಹಿರಿಯಳಾದ ಮೈಲಾರಮ್ಮ. "ಮಂದಿ ಕಷ್ಟ ಕೇಳು. ತಾವಾಗೇ ದುಡೀತಾರ."

ಸರಿ, ಕೇಳಿದ. ಉಜ್ಜಿನಮ್ಮನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. "ಹೋಗಿ ಬಾರವ್ವ" ಎಂದ. ಕೃಷ್ಣವೇಣಿಗೆ ಹಲ್ಲುನೋವು. "ಮನೀಗೆ ಹೋಗಿ ಮಲಕ್ಕೋ" ಎಂದ. ಅದನ್ನು ಕಂಡು ಮಾರೇಶನಿಗೂ ಸೊಂಟ ಹಿಡಿಯಿತು. ಹಿಡಿದ ಸೊಂಟ ಟಾಕೀಸಿನ ಕಡೆಗೆ ಚುರುಕಾಗಿ ನಡೆಯಿತು. ಮಿಕ್ಕವರೂ ಒಂದೊಂದು ನೆಪ ಹೇಳಿ ಹೊರಟು, ಮಧ್ಯಾಹ್ನದ ಹೊತ್ತಿಗೆ ಯೂನಿಟ್ಟು ಮದುವೆ ಮುಗಿದ ಚಪ್ಪರದಂತೆ ಬಿಕೋ ಎನ್ನುತ್ತಿತ್ತು.

ಮೈಲಾರಮ್ಮ ಕಂಗಾಲಾದಳು. "ಎಲ್ಲಾರ್ನೂ ಕಳಿಸಿಬಿಟ್ಟಿಯೇನೋ? ಲಾರಿಗೆ ಏನು ಹಾಕ್ತಿ, ನಿನ್ನ ತಲಿನಾ?"

"ಅಕ್ಕ, ನನಗ ಮಂದೀನ್ನ ಆಳಾಕ ಬರಂಗಿಲ್ಲ. ಹೊಲಿಯಾಕ ಬರ್ತೈತಿ" ಎಂದು ಯರ್ರಿಸ್ವಾಮಿ ಯಂತ್ರದ ಮುಂದೆ ಕೂತ. ತನ್ನ ಪಾಲಿನದು ಮುಗಿಸಿ, ಹೋದವರ ಪಾಲಿನದಕ್ಕೆ ಕೈಹಾಕಿದ. ಊಟಕ್ಕೂ ಏಳಲಿಲ್ಲ.

ಅವನು ಎಲ್ಲರ ಪಾಲಿನದನ್ನೂ ಹೊಲಿಯುತ್ತಿರುವ ಸುದ್ದಿ ಓಣಿಯಲ್ಲಿ ಹರಡಿತು. ಕೃಷ್ಣವೇಣಿ ಕೆನ್ನೆಗೆ ಬಟ್ಟೆ ಕಟ್ಟಿಕೊಂಡೇ ಬಂದಳು. ಉಜ್ಜಿನಮ್ಮ ಬೀಗರಾಗುವವರಿಗೆ ಮಾಡಿದ್ದ ಕೇಸರಿಬಾತು ಹೊತ್ತು ತಂದಳು. ಮಾರೇಶ ಇಂಟರ್‌ವಲ್ಲಿಗೇ ಎದ್ದು ಬಂದ. ಉಳಿದವರೂ ಒಬ್ಬೊಬ್ಬರಾಗಿ ಬಂದು ಕೆಲಸಕ್ಕೆ ಕೂತರು. ಯಾರೋ ಸೋಬಾನೆ ಹಾಡು ಎತ್ತಿದರು, ಮಿಕ್ಕವರು ದನಿಗೂಡಿಸಿದರು, ಯಂತ್ರಗಳು ತಾಳ ಹಾಕಿದವು. ಇಂದಿಗೂ ಆ ಸಂಜೆಯನ್ನು ನೆನೆದರೆ ಈಗ ಮುದುಕಿಯಾಗಿರುವ ಉಜ್ಜಿನಮ್ಮನ ಕಣ್ಣುಗಳು ಹೊಳೆಯುತ್ತವೆ.

ಲಾರಿ ಬರುವ ಮೊದಲೇ ಕಟ್ಟಿದ ಮಾಲು ಬಾಗಿಲಲ್ಲಿತ್ತು. ಸೂರಪ್ಪ ಬಾಯಿ ಬಿಟ್ಟು ನಿಂತ. "ಮೇಸ್ತ್ರಿ ಎಲ್ಲಿ?"

ಪ್ಯಾಂಟಿನ ರಾಶಿಯ ಹಿಂದಿನಿಂದ ಯರ್ರಿಸ್ವಾಮಿ ಎದ್ದ. ಅವನು ಬಾಯಿ ತೆರೆಯುವ ಮೊದಲೇ ಮೈಲಾರಮ್ಮ ಅಭಿಮಾನದಿಂದ ಹೇಳಿದಳು: "ಎಂಥ ಮೇಸ್ತ್ರಿ ಅಂತೀರಿ ಸಾಹುಕಾರ್ರೆ! ಹಿಂಗ ಮಾಡು ಅನ್ನಲಿಲ್ಲ, ಒಬ್ರಿಗೂ ಬೈಲಿಲ್ಲ. ನಾವು ನಾವೇ ಸೇರಿ ಮುಗಿಸಿಬಿಟ್ವಿ!"

ಸೂರಪ್ಪನ ಮುಖ ಅರಳಿತು. "ಹೌದಾ? ಹಂಗಾದ್ರ ಮೇಸ್ತ್ರಿ ಯಾಕ ಬೇಕು? ಯರ್ರಿಸ್ವಾಮಿ, ನಾಳಿಂದ ನೀನು ಜಿಪ್ಪಿಗೇ ಕೂಡು."

ಮೈಲಾರಮ್ಮ ನಾಲಿಗೆ ಕಚ್ಚಿಕೊಂಡಳು.

ಆದರೂ ಜನ ಅವನನ್ನು ಕೊನೆತನಕ ಮೇಸ್ತ್ರಿ ಎಂದೇ ಕರೆದರು. ಯಾರ ಹೊಲಿಗೆ ಬಿಚ್ಚಿ ಮಾಲು ವಾಪಸ್ ಬಂದರೂ ಸೂರಪ್ಪ, "ಎಲ್ಲಿ ಅವ ಮೇಸ್ತ್ರಿ?" ಎಂದು ಅಬ್ಬರಿಸುತ್ತಿದ್ದ. ಜಿಪ್ಪಿನ ಯಂತ್ರ ನಿಲ್ಲಿಸಿ, ಎಲ್ಲರ ಪಾಲಿನ ಬೈಗುಳಕ್ಕೂ ಯರ್ರಿಸ್ವಾಮಿಯೇ ಎದ್ದು ನಿಲ್ಲುತ್ತಿದ್ದ.