ಒಂಬತ್ತನೇ ಮಹಡಿಯ ನೀಲಿ ಪಾತ್ರೆಯ ಬಗ್ಗೆ ಲಿಫ್ಟ್ ಸಾಹೇಬರಲ್ಲಿ ಒಂದು ಮೊರೆ

ಕ್ವೀನ್ಸ್, ನ್ಯೂಯಾರ್ಕ್
ಗುರುವಾರ, ಕೆಲಸಕ್ಕೆ ಹೊರಡುವ ಮುಂಚೆ

ನಮ್ಮ ಕಟ್ಟಡದ ಏಕೈಕ ಲಿಫ್ಟ್ ಆದ ತಮ್ಮ ಘನ ಸನ್ನಿಧಿಗೆ, ಒಂಬತ್ತು-ಎ ಮನೆಯ ಲೋವೆಲ್ ಬ್ರೆಕ್ಕಿ ಟೋಪಿ ತೆಗೆದು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಕಳೆದ ಮಂಗಳವಾರ ನಾಲ್ಕನೇ ಮತ್ತು ಐದನೇ ಮಹಡಿಗಳ ನಡುವೆ ತಾವು ನಲವತ್ತು ನಿಮಿಷ ವಿಶ್ರಾಂತಿ ತೆಗೆದುಕೊಂಡಿರೆಂದು ಕೇಳಿ ಬಹಳ ಸಂತೋಷವಾಯಿತು. ಎಂಬತ್ತು ಲಕ್ಷ ಜನ ಉಸಿರುಗಟ್ಟಿ ಓಡುತ್ತಿರುವ ಈ ಊರಿನಲ್ಲಿ ನಡುದಾರಿಯಲ್ಲಿ ನಿಂತು ಸುಧಾರಿಸಿಕೊಳ್ಳುವ ಧೈರ್ಯ ಇರುವುದು ತಮಗೊಬ್ಬರಿಗೇ.

ಈ ಪತ್ರವನ್ನು ತಮ್ಮ ಒಳಗೋಡೆಗೇ, ತಪಾಸಣೆಯ ಸರ್ಟಿಫಿಕೇಟಿನ ಪಕ್ಕದಲ್ಲಿ, ನಿಂತವರ ಕಣ್ಣಿಗೆ ನೇರ ಬೀಳುವ ಎತ್ತರಕ್ಕೆ ಅಂಟಿಸುತ್ತಿರುವುದಕ್ಕೆ ಕ್ಷಮೆಯಿರಲಿ. ಇದನ್ನು ಬೇರೆ ಯಾರಾದರೂ, ಉದಾಹರಣೆಗೆ ಒಂಬತ್ತು-ಸಿ ಮನೆಯ ಫಿಲಿಸ್ ಟೆಡೆಸ್ಕೊ ಅವರು, ಓದಿಬಿಟ್ಟರೆ ಅದಕ್ಕೆ ನಾನು ಹೊಣೆಯಲ್ಲ. ನಾನು ಬರೆಯುತ್ತಿರುವುದು ತಮಗೆ ಮಾತ್ರ. ನಾನು ಹತ್ತನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನು, ಆದ್ದರಿಂದ ಬರವಣಿಗೆಯಲ್ಲಿ ಏನಾದರೂ ಒರಟುತನ ಕಂಡರೆ ಅದನ್ನು ತಾವು ಮೂರನೇ ಮಹಡಿ ದಾಟುವಾಗ ಕೊಡುವ ಆ ಸಣ್ಣ ಕುಲುಕಿನಂತೆ ಸಹಿಸಿಕೊಳ್ಳಬೇಕು.

ನಾನು ಮತ್ತು ನನ್ನ ಹೆಂಡತಿ ಮಾರ್ಜೀನ್, ಅವಳಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದ್ದರಿಂದ, ಅಯೋವಾದ ಟಾಲ್ಬರ್ಗ್ ಎಂಬ ನಾನೂರ ಹನ್ನೆರಡು ಜನರ ಊರಿನಿಂದ ಇಲ್ಲಿಗೆ ಬಂದು ಎರಡು ವರ್ಷವಾಯಿತು. ನಾವು ಹೊರಟ ಮೇಲೆ ಆ ಊರು ನಾನೂರ ಹತ್ತಕ್ಕೆ ಇಳಿದಿದೆ. ಇಲ್ಲಿ ನಾವು ಬಂದದ್ದು ಯಾರಿಗೂ ಗೊತ್ತಾದಂತಿಲ್ಲ. ಅಲ್ಲಿ ನಮ್ಮ ಮನೆಗೆ ಬೀಗ ಹಾಕಿದ ನೆನಪೇ ನನಗಿಲ್ಲ. ಇಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಬೆಳಗ್ಗಿನಿಂದ ಸಂಜೆಯವರೆಗೆ ಕೀಲಿ ಕತ್ತರಿಸುವುದೇ ನನ್ನ ಉದ್ಯೋಗ. ಒಂದು ಬಾಗಿಲಿಗೆ ಮೂರು ಬೀಗ ಹಾಕುವ ಈ ಊರಿನ ದೊಡ್ಡ ಮನಸ್ಸಿನಿಂದಲೇ ನನ್ನ ಹೊಟ್ಟೆ ತುಂಬುತ್ತಿದೆ.

ದಿನಕ್ಕೊಂದು ಹೊಸ ವಿಷಯ ಕಲಿಯುತ್ತಿದ್ದೇನೆ. ದಾರಿ ಕೇಳಿದವರಿಗೆ 'ಇಲ್ಲಿಂದ ಉತ್ತರಕ್ಕೆ ಹೋಗಿ, ಆಮೇಲೆ ಸ್ವಲ್ಪ ಪಶ್ಚಿಮಕ್ಕೆ' ಎಂದರೆ ಅವರು ನನ್ನನ್ನು ಹಡಗಿನಿಂದ ಇಳಿದವನಂತೆ ನೋಡುತ್ತಾರೆ. ನಮ್ಮೂರಿನಂತೆ ಎದುರು ಬಂದವರಿಗೆಲ್ಲ ನಮಸ್ಕಾರಕ್ಕೆ ಕೈ ಎತ್ತಿದ್ದಕ್ಕೆ ಮೊದಲ ದಿನವೇ ಐದು ಟ್ಯಾಕ್ಸಿಗಳು ಬಂದು ನಿಂತವು. ಸಂಜೆ ಐದೂವರೆಗೆ ರಾತ್ರಿಯೂಟಕ್ಕೆ ಹೋಟೆಲಿಗೆ ಹೋದರೆ ಅವರು ಇನ್ನೂ ಮೇಜುಗಳ ಮೇಲಿಂದ ಕುರ್ಚಿಗಳನ್ನು ಇಳಿಸುತ್ತಿರುತ್ತಾರೆ. 'ಹೇಗಿದ್ದೀರಿ?' ಎಂದು ಕೇಳಿದವರು ಉತ್ತರ ಕೇಳಲು ನಿಲ್ಲುವುದಿಲ್ಲ. ನನ್ನ ಮಂಡಿನೋವಿನ ಅರ್ಧ ಕಥೆಯನ್ನು ನಾನು ಎಷ್ಟೋ ಬೆನ್ನುಗಳಿಗೆ ಹೇಳಿದ್ದೇನೆ.

ಇನ್ನು ತಮ್ಮ ಒಡಲೊಳಗಿನ ಶಿಸ್ತನ್ನು ಎಷ್ಟು ಹೊಗಳಿದರೂ ಸಾಲದು. ಎಂಟು ಜನ ಭುಜಕ್ಕೆ ಭುಜ ತಾಗಿಸಿ ನಿಂತು, ಒಬ್ಬರ ಶಾಂಪೂ ವಾಸನೆ ಇನ್ನೊಬ್ಬರಿಗೆ ಬಡಿಯುತ್ತಿದ್ದರೂ, ಒಬ್ಬರಿಗೊಬ್ಬರು ಕಾಣಿಸದಂತೆ ಮೇಲಿನ ಅಂಕಿಗಳನ್ನೇ ನೋಡುತ್ತಾರೆ. ನಮ್ಮ ಊರಿನಲ್ಲಿ ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತವರೂ ಮಳೆಯ ಬಗ್ಗೆ ಎರಡು ಮಾತಾಡುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ತಮಗೆ ಅವಸರವಿಲ್ಲವೆಂದು ಗೊತ್ತು.

ಮೇ ತಿಂಗಳಲ್ಲಿ ಒಂದು ದಿನ ತಮ್ಮೊಳಗೆ ಫಿಲಿಸ್ ಟೆಡೆಸ್ಕೊ ಅವರು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ನಿಂತಿದ್ದರು. ಒಬ್ಬರೇ ಇರುವ ಹೆಂಗಸು. ನಮ್ಮ ಕಡೆ ಯಾರ ಮನೆಯಲ್ಲಾದರೂ ಕೈಯೋ ಕಾಲೋ ಮುರಿದರೆ ಅಕ್ಕಪಕ್ಕದವರು ಏನೂ ಕೇಳುವುದಿಲ್ಲ, ಆಲೂಗಡ್ಡೆ, ಕೈಮಾ, ಮೇಲಷ್ಟು ಚೀಸು ಹಾಕಿ ಒಲೆಯಲ್ಲಿ ಬೇಯಿಸಿ ತಂದಿಡುತ್ತಾರೆ. ಮಾರ್ಜೀನ್ ಡ್ಯೂಟಿಯಲ್ಲಿದ್ದಳು. ನಾನೇ ಬೇಯಿಸಿದೆ. ಅಳತೆಗೆ ಸರಿಯಾಗಿ ಸಿಕ್ಕಿದ್ದು ನೀಲಿ ಹೂವಿನ ಗಾಜಿನ ಪಾತ್ರೆಯೊಂದೇ. ಅದನ್ನೇ ಎರಡು ಟವೆಲುಗಳಲ್ಲಿ ಹಿಡಿದುಕೊಂಡು ಹೋಗಿ ಒಂಬತ್ತು-ಸಿ ಬಾಗಿಲು ತಟ್ಟಿದೆ. ಸರಪಳಿ ತೆಗೆಯದೆಯೇ ಬಾಗಿಲು ನಾಲ್ಕು ಬೆರಳು ತೆರೆಯಿತು.

"ಏನ್ರೀ ಮಾರ್ತಿದ್ದೀರಾ?"

"ಮಾರ್ತಾ ಇಲ್ಲ ಮೇಡಂ, ಊಟ."

"ನಾನ್ಯಾವ ಊಟಾನೂ ತರ್ಸಿಲ್ಲ."

"ಗೊತ್ತು ಮೇಡಂ. ಕೈ ಮುರಿದಿದ್ಯಲ್ಲ, ಅದಕ್ಕೆ."

"ನನ್ ಕೈ ಮುರಿದಿದ್ದು ನಿಮಗ್ಯಾರ್ರೀ ಹೇಳಿದ್ದು?"

"ಕೈನೇ ಹೇಳ್ತಲ್ಲ ಮೇಡಂ."

ಸರಪಳಿ ಕಳಚಿತು, ಪಾತ್ರೆ ಒಳಗೆ ಹೋಯಿತು, ಬಾಗಿಲು ಮುಚ್ಚಿತು, ಬೀಗಗಳು ಒಂದಾದ ಮೇಲೊಂದು ಬಿದ್ದವು. ಅವತ್ತಿನಿಂದ ಇವತ್ತಿಗೆ ಹನ್ನೊಂದು ವಾರ.

ಆ ಪಾತ್ರೆ ಯಾವುದೆಂದು ತಮಗೆ ತಿಳಿದಿರಬೇಕು. ಅದು ಮಾರ್ಜೀನಳ ತಾಯಿಯದು. ತಾಯಿ ಹೋದ ಮೇಲೆ ಜಮೀನು, ಟ್ರ್ಯಾಕ್ಟರು, ಹಂದಿಗಳು ಎಲ್ಲವನ್ನೂ ಮಾರ್ಜೀನ್ ಮತ್ತು ಅವಳ ಅಕ್ಕ ಕಾರ್ಲೀನ್ ಒಂದೇ ಮಧ್ಯಾಹ್ನದಲ್ಲಿ ನಗುನಗುತ್ತಾ ಹಂಚಿಕೊಂಡರು. ಈ ಪಾತ್ರೆ ಯಾರಿಗೆ ಎಂಬ ಪ್ರಶ್ನೆ ಬಂದಾಗ ಮಾತು ನಿಂತು, ಮತ್ತೆ ಶುರುವಾಗಲು ಎರಡು ವರ್ಷ ಹಿಡಿಯಿತು. ಕೊನೆಗೆ ಪಾದ್ರಿಗಳು ನಡುವೆ ಬಂದು, ಒಂದು ವರ್ಷ ಇವಳ ಹತ್ತಿರ, ಒಂದು ವರ್ಷ ಅವಳ ಹತ್ತಿರ, ಆಗಸ್ಟ್ ಮೊದಲ ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರ ಎದುರಿಗೆ ಕೈ ಬದಲಾಯಿಸುವುದು ಎಂದು ತೀರ್ಮಾನವಾಯಿತು. ಆ ಭಾನುವಾರ ಎಂದರೆ ಬರುವ ಭಾನುವಾರ. ಕೊಡುವ ಸರದಿ ನಮ್ಮದು. ಮಾರ್ಜೀನ್ ಸೋಮವಾರವೇ ಊರಿಗೆ ಹೋಗಿದ್ದಾಳೆ, ನಾಳೆ ಮಧ್ಯಾಹ್ನದ ವಿಮಾನದಲ್ಲಿ ನಾನು ಹೋಗಬೇಕು. ಪಾತ್ರೆ ಮೇಲಿನ ಕಪಾಟಿನಲ್ಲಿದೆ ಎಂದೇ ಅವಳು ತಿಳಿದಿದ್ದಾಳೆ. ನಿನ್ನೆ ಫೋನು ಮಾಡಿದ್ದಳು.

"ಪಾತ್ರೇನ ಲಗೇಜಿಗೆ ಹಾಕ್ಬೇಡ, ತೊಡೆ ಮೇಲಿಟ್ಕೊಂಡು ಬಾ."

"ಆಯ್ತು ಕಣೇ."

"ಕಾರ್ಲೀನ್ ಆಗಲೇ ಶುರು ಮಾಡಿದ್ದಾಳೆ, ದೊಡ್ಡ ಊರಿಗೆ ಹೋದವರು ವಾಪಸ್ ಕೊಡ್ತಾರೋ ಇಲ್ವೋ ಅಂತ. ನನ್ ಮರ್ಯಾದೆ ನಿನ್ ಕೈಲಿದೆ."

ನನ್ನ ಕೈಲಿ ಫೋನು ಮಾತ್ರ ಇತ್ತು, ಮಾನ್ಯರೇ.

ತಾವು ಕೇಳಬಹುದು, ಹೋಗಿ ಕೇಳಬಾರದಿತ್ತೇ ಎಂದು. ನಮ್ಮ ಕಟ್ಟಡ ನೋಡಿಕೊಳ್ಳುವ ಸ್ಪಿರೊ ಕೂಡ ಇದನ್ನೇ ಕೇಳಿದ.

"ಬಾಗಿಲು ಬಡಿ, ನನ್ ಪಾತ್ರೆ ಕೊಡಮ್ಮ ಅನ್ನು. ಮೂರು ಮಾತು ಅಷ್ಟೇ ಕಣಣ್ಣ."

"ಹಾಗೆಲ್ಲ ಕೇಳಕ್ಕಾಗಲ್ಲ ಸ್ಪಿರೊ."

"ಯಾಕೆ, ಪ್ಲಾಸ್ಟರ್ ಆಯಮ್ಮನ ಕೈಗೋ ನಿನ್ ನಾಲಿಗೆಗೋ?"

ಸ್ಪಿರೊಗೆ ತಿಳಿಯದು. ಊರಿನಲ್ಲಿ ಆರ್ವಿಡ್ ಎಂಬ ನನ್ನ ಗೆಳೆಯ ನನ್ನ ಏಣಿಯನ್ನು ತೆಗೆದುಕೊಂಡು ಹೋಗಿ ಹದಿನಾಲ್ಕು ವರ್ಷ ಇಟ್ಟುಕೊಂಡ. ನಾನು ಕೇಳಲಿಲ್ಲ. ಬೇರೊಂದು ಏಣಿ ಕೊಂಡು, ಅದನ್ನು ನೋಡಿ ಅವನಿಗೆ ಎಲ್ಲಿ ನಾಚಿಕೆಯಾಗುತ್ತದೋ ಎಂದು ದನದ ಕೊಟ್ಟಿಗೆಯ ಹಿಂದೆ ಮುಚ್ಚಿಟ್ಟೆ. ಇದನ್ನೇ ನಾವು ಸ್ನೇಹ ಎನ್ನುವುದು.

ಹಾಗೆಂದು ನಾನು ಸುಮ್ಮನೆ ಕೂತವನೂ ಅಲ್ಲ. ತಮ್ಮ ಸಮ್ಮುಖದಲ್ಲೇ ಎಷ್ಟು ಸೂಕ್ಷ್ಮವಾಗಿ ವಿಷಯ ಎತ್ತಿದೆ ಎಂಬುದಕ್ಕೆ ತಾವೇ ಸಾಕ್ಷಿ. "ಇತ್ತೀಚೆಗೆ ಮನೇಲಿ ಬೇಯಿಸಕ್ಕೆ ಒಂದ್ ಪಾತ್ರೇನೂ ಸಾಲ್ತಿಲ್ಲ ನೋಡಿ" ಎಂದು ನಾನು ಗೋಡೆಗೆ ಹೇಳಿದೆ. ನಮ್ಮ ಊರಿನಲ್ಲಾಗಿದ್ದರೆ ಇದು ಕಪಾಳಕ್ಕೆ ಹೊಡೆದಷ್ಟು ಖಾರದ ಮಾತು, ಕೇಳಿದವರು ಮೂರು ರಾತ್ರಿ ನಿದ್ದೆ ಮಾಡುವುದಿಲ್ಲ. ಫಿಲಿಸ್ ಅವರು ಅಂಕಿಗಳಿಂದ ಕಣ್ಣು ತೆಗೆಯದೆ, "ಸ್ಟೇನ್‌ವೇ ಬೀದಿ ಮೂಲೆ ಅಂಗಡೀಲಿ ಸೇಲ್ ಇದೆ, ಹೋಗಿ" ಎಂದರು. ಎಷ್ಟು ಉಪಕಾರಿ!

ಜೂನ್ ಕೊನೆಗೆ ಅವರ ಬಾಗಿಲು ಅರ್ಧ ತೆರೆದಿದ್ದಾಗ ಪಾತ್ರೆಯ ದರ್ಶನವಾಯಿತು. ಬಾಗಿಲ ಪಕ್ಕದ ಸ್ಟೂಲಿನ ಮೇಲಿತ್ತು. ಅದರ ತುಂಬಾ ಕೀಲಿಗಳು, ಸತ್ತ ಬ್ಯಾಟರಿಗಳು, ಪಿಜ್ಜಾ ಅಂಗಡಿಯ ಚೀಟಿಗಳು. ಕೀಲಿಗಳಲ್ಲಿ ಒಂದು ನಾನೇ ಕತ್ತರಿಸಿದ್ದು. ನಲವತ್ತು ವರ್ಷ ಒಂದು ಊರಿನ ಎಲ್ಲ ಬಾಣಂತನ, ಎಲ್ಲ ಸಾವುಗಳಿಗೂ ಆಲೂಗಡ್ಡೆ ಹೊತ್ತು ಹೋದ ಪಾತ್ರೆ ಅದು. ಅದಕ್ಕೆ ಈ ಊರಿನಲ್ಲಿ ಇಷ್ಟು ಹಗುರವಾದ ಕೆಲಸ ಸಿಕ್ಕಿದ್ದು ನೋಡಿ ಕಣ್ಣು ತುಂಬಿಬಂತು.

ಇಲ್ಲಿ ತಮ್ಮಿಂದ ಮುಚ್ಚಿಡಬಾರದ ಒಂದು ಸಂಗತಿ ಇದೆ. ಜುಲೈ ಎರಡನೇ ವಾರ, ಪ್ಲಾಸ್ಟರ್ ತೆಗೆಸಿದ ದಿನ, ಫಿಲಿಸ್ ಅವರು ತಾವಾಗಿಯೇ ಕೇಳಿದರು.

"ರೀ, ನಿಮ್ ಪಾತ್ರೆ ನನ್ ಹತ್ರಾನೇ ಉಳ್ಕೊಂಡಿದೆ. ಬೇಕಾ?"

"ಅಯ್ಯೋ, ಅದಕ್ಕೇನಂತೆ ಮೇಡಂ, ಇರ್ಲಿ ಬಿಡಿ."

"ನಿಜವಾಗ್ಲೂ?"

"ಅವಸರ ಏನೂ ಇಲ್ಲ. ಇಟ್ಕೊಳ್ಳಿ."

"ಸರಿ ಹಾಗಾದ್ರೆ, ಥ್ಯಾಂಕ್ಸ್" ಎಂದು ಹೋಗಿಯೇಬಿಟ್ಟರು!

ಎರಡೇ ಸಲ, ಮಾನ್ಯರೇ. ಎರಡು ಸಲ ಬೇಡ ಎಂದಿದ್ದೆ. ಮೂರನೇ ಸಲ ಕೇಳಿದ್ದರೆ 'ನೀವಿಷ್ಟು ಹೇಳ್ತಿದ್ದೀರಿ ಅಂತ' ಎನ್ನುತ್ತಾ ತೆಗೆದುಕೊಳ್ಳಲು ಎರಡು ಕೈಗಳನ್ನೂ ಸಿದ್ಧವಾಗಿಟ್ಟುಕೊಂಡಿದ್ದೆ. 'ಇಟ್ಕೊಳ್ಳಿ' ಎಂದರೆ ಇವತ್ತೇ ಸಂಜೆ ತಂದುಕೊಡಿ ಎಂದು ನಮ್ಮ ಕಡೆ ಐದು ವರ್ಷದ ಮಗುವಿಗೂ ಗೊತ್ತು. ಮೂರು ಬೀಗ ಹಾಕಿಕೊಂಡು ಯಾರನ್ನೂ ನಂಬದ ಈ ಊರು, ಮನುಷ್ಯ ಬಾಯಲ್ಲಿ ಆಡಿದ ಮಾತನ್ನು ಮಾತ್ರ ಕಣ್ಣುಮುಚ್ಚಿ ನಂಬಿಬಿಡುತ್ತದೆ! ಇಂಥ ಜನರ ನಡುವೆ ಸಭ್ಯ ಮನುಷ್ಯ ಬದುಕುವುದು ಹೇಗೆ?

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಬೇಡಿಕೆಗಳು. ಇವತ್ತು ಸಂಜೆ ಆರಕ್ಕೆ ನಾನೂ ಫಿಲಿಸ್ ಅವರೂ ಒಟ್ಟಿಗೆ ಹತ್ತಿದಾಗ ದಯವಿಟ್ಟು ಕೆಟ್ಟು ನಿಲ್ಲಬೇಕು. ಹತ್ತು ನಿಮಿಷ ಸಾಲದು. ಹವಾಮಾನ, ಮೆಕ್ಕೆಜೋಳ, ಮಂಡಿನೋವು ಮುಗಿಸಿ ಅಡಿಗೆಮನೆಗೆ ಬರಬೇಕೆಂದರೆ ಒಂದು ಗಂಟೆಯಾದರೂ ಬೇಕು. ಅದು ಕಷ್ಟವಾದರೆ, ಅವರೊಬ್ಬರೇ ಇದ್ದಾಗ ಒಂಬತ್ತನೇ ಮಹಡಿಯಲ್ಲಿ ಬಾಗಿಲು ತೆರೆಯದೆ, ಅವರ ಮನಸ್ಸಿಗೆ ಪಾತ್ರೆಯ ವಿಚಾರ ತಾನಾಗಿಯೇ ಹೊಳೆಯುವವರೆಗೆ ಮೇಲೆ ಕೆಳಗೆ ಓಡಾಡಿಸುತ್ತಿರಬೇಕು. ಅದೂ ಆಗದಿದ್ದರೆ ನಾಳೆ ನನ್ನನ್ನು ಕೆಳಗೆ ಇಳಿಸಲೇಬಾರದು. ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡೆ ಎಂದರೆ ಅಕ್ಕತಂಗಿಯರಿಬ್ಬರೂ ನಂಬುತ್ತಾರೆ, ಪಾತ್ರೆಗೆ ಇನ್ನೊಂದು ವರ್ಷ ಸಿಗುತ್ತದೆ. ಮಾರ್ಜೀನಳಿಗೆ ತಮ್ಮ ಸ್ವಭಾವ ಗೊತ್ತು. ಕಾರ್ಲೀನಳ ಊರಿನಲ್ಲಿ ಲಿಫ್ಟೇ ಇಲ್ಲ.

ತಮಗೆ ತೊಂದರೆಯಾಗುವುದಾದರೆ ಯಾವುದೂ ಬೇಡ. ಅವಸರ ಏನೂ ಇಲ್ಲ.

ಒಂಬತ್ತನೇ ಮಹಡಿಯವರೆಗೆ ಮಾತ್ರ
ತಮ್ಮ ವಿಶ್ವಾಸಿ,
ಲೋವೆಲ್ ಬ್ರೆಕ್ಕಿ

ಮರೆತ ಮಾತು (ಶುಕ್ರವಾರ ಬೆಳಗ್ಗೆ, ತಮ್ಮ ಗೋಡೆಗೇ ಒರಗಿಕೊಂಡು ಪೆನ್ಸಿಲಿನಲ್ಲಿ): ತಾವು ನಿನ್ನೆ ಸಂಜೆ ಎಂದೂ ಇಲ್ಲದ ನಿಯತ್ತಿನಿಂದ ಒಂದು ಕ್ಷಣವೂ ಎಲ್ಲೂ ನಿಲ್ಲದೆ ಓಡಾಡಿದ್ದಕ್ಕೆ ಧನ್ಯವಾದಗಳು. ಪತ್ರವನ್ನು ಎಲ್ಲರೂ ಓದಿದ್ದಾರೆ. ಆರನೇ ಮಹಡಿಯ ಯಾರೋ 'ಮಂಡಿಗೆ ಬಿಸಿನೀರಿನ ಶಾಖ ಕೊಡಿ' ಎಂದು ಅಂಚಿನಲ್ಲಿ ಬರೆದಿದ್ದಾರೆ. ಇವತ್ತು ಎಂಟು ಗಂಟೆಗೆ ಫಿಲಿಸ್ ಅವರು ಪಾತ್ರೆ ತೊಳೆದು ಒರೆಸಿ ಹಿಡಿದುಕೊಂಡು ನನ್ನ ಬಾಗಿಲಿಗೇ ಬಂದರು. "ತಗೊಳ್ರಿ ಮಾರಾಯ್ರೆ" ಎಂದರು. ನನ್ನ ಬಾಯಿ, ಆ ಪಾಪಿ ಬಾಯಿ, "ಅಯ್ಯೋ, ಇದಕ್ಕೋಸ್ಕರ ಯಾಕ್ ಬರಕ್ಕೋದ್ರಿ, ಇಟ್ಕೋಬಹುದಿತ್ತು" ಎಂದುಬಿಟ್ಟಿತು. "ಸರಿ ಹಾಗಾದ್ರೆ" ಎಂದು ಅವರು ಪಾತ್ರೆ ಸಮೇತ ತಿರುಗಿ ಹೊರಟೇಬಿಟ್ಟರು. ಆಗ ನಾನು, ಐವತ್ತನಾಲ್ಕು ವರ್ಷದಲ್ಲಿ ಮೊದಲ ಸಲ, ಇಡೀ ಮಹಡಿಗೆ ಕೇಳುವಂತೆ "ನಿಲ್ಲಮ್ಮಾ! ಕೊಡು! ಅದು ನನಗೆ ಬೇಕು!" ಎಂದು ಕಿರುಚಿದೆ. ಆಯಮ್ಮ ನಗುತ್ತಾ ಪಾತ್ರೆಯನ್ನು ನನ್ನ ಎದೆಗೆ ಒತ್ತಿ, "ನೋಡಿ, ಸತ್ತೋಗಲಿಲ್ಲ ತಾನೆ?" ಎಂದರು. ಸಾಯಲಿಲ್ಲ, ಮಾನ್ಯರೇ. ಆದರೆ ತಮ್ಮ ಊರಿನ ಈ ಕಾಯಿಲೆ ಅಂಟಿತೆಂದೇ ಕಾಣುತ್ತದೆ, ಆಗಿನಿಂದ ನಾಲಿಗೆ ಸುಮ್ಮನಿರುತ್ತಿಲ್ಲ. ಪಾತ್ರೆ ಈಗ ನನ್ನ ಕಂಕುಳಲ್ಲಿದೆ. ಸಂಜೆ ಮಾರ್ಜೀನ್ ಅದನ್ನು ತಿರುಗಿಸಿ ನೋಡಿ, "ಇಷ್ಟು ದಿನ ಕಪಾಟಲ್ಲೇ ಇತ್ತು ತಾನೆ?" ಎಂದು ಕೇಳುತ್ತಾಳೆ. ಅಷ್ಟರೊಳಗೆ ಈ ಕಾಯಿಲೆ ವಾಸಿಯಾಗದಿದ್ದರೆ ನಾನು ನಿಜ ಹೇಳಿಬಿಡುತ್ತೇನೆ. ಅದರ ಪರಿಣಾಮಗಳಿಗೆಲ್ಲ ತಾವೂ ತಮ್ಮ ಊರೂ ಹೊಣೆ.