ಸಾಹೇಬರ ಖಾಲಿ ತೋಟಾಗಳು

ಚೆನ್ನಾಗಿ ಬೆಳಗಿದ ಹಿತ್ತಾಳೆ ಕಂಡರೆ ಜನಕ್ಕೆ ಸಂತೋಷವಾಗುತ್ತದೆ. ನನಗೆ ಹೊಟ್ಟೆ ಉರಿಯುತ್ತದೆ. ಮದುವೆಮನೆಯಲ್ಲಿ ಕೊಳಗ ಥಳಥಳ ಹೊಳೆಯುತ್ತಿದ್ದರೂ ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತೇನೆ. ಇದೇನು ಹುಟ್ಟುಗುಣವಲ್ಲ. ಕೋರಮಂಡಲಿನಲ್ಲಿ, ಅಲ್ಲಿನ ಚಿನ್ನದ ಗಣಿಗೆ ಮರದ ದಿಮ್ಮಿ ಒದಗಿಸುತ್ತಿದ್ದ ಒಂದು ಗುತ್ತಿಗೆ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ನಾನಾಗಿಯೇ ಅಂಟಿಸಿಕೊಂಡ ರೋಗ.

ನಮ್ಮ ಮ್ಯಾನೇಜರ್ ಸಾಹೇಬರಿಗೆ ಬೇಟೆಯ ಹುಚ್ಚು. ಭಾನುವಾರ ಬಂತೆಂದರೆ ಕೋವಿ ಹೆಗಲಿಗೇರಿಸಿಕೊಂಡು ಬೇತಮಂಗಲದ ಕೆರೆಯ ಕಡೆ ಹೊರಡುವರು. ಆದರೆ ಹಾರಿಸಿದ ತೋಟಾವನ್ನು ಬಿಸಾಡುವ ಜಾಯಮಾನ ಅವರದಲ್ಲ. ಅದರ ಹಿತ್ತಾಳೆ ಕೊಳವೆಯನ್ನು ಆಯ್ದು ತಂದು, ಬುಡದಲ್ಲಿ ಸುಟ್ಟುಹೋದ ಕೇಪು ತೆಗೆದು, ತೊಳೆಸಿ, ಒಣಗಿಸಿ, ಮತ್ತೆ ಮದ್ದು ತುಂಬಿ ಮುಂದಿನ ವಾರಕ್ಕೆ ಇಟ್ಟುಕೊಳ್ಳುವರು. ತೊಳೆಸಿ ಎಂದೆನಲ್ಲ, ಅಲ್ಲಿಗೆ ನಾನು ಬಂದೆ. ಒಂದು ಸೋಮವಾರ ಮಸಿ ಹಿಡಿದ ಕೊಳವೆಗಳನ್ನು ಮೇಜಿನ ಮೇಲೆ ಸುರಿದುಕೊಂಡು ಅವರು ಪೇಚಾಡುತ್ತಿದ್ದರು. ಯಾರೂ ನನ್ನನ್ನು ಕೇಳಿರಲಿಲ್ಲ, ನಾನೇ ಬಾಯಿ ಹಾಕಿದೆ. "ಕೊಡಿ ಸಾರ್, ಮನೆಗೆ ತಗೊಂಡು ಹೋಗಿ ಬೆಳಗಿ ತರ್ತೀನಿ. ಹಿತ್ತಾಳೆ ಅಂದ್ರೆ ನನ್ನ ಕೈಯೇ ಆಗಬೇಕು."

ಇಷ್ಟು ಹಲ್ಲುಗಿಂಜಲು ಕಾರಣವಿತ್ತು. ಹೆಡ್ ಕ್ಲರ್ಕ್ ಮರುವರ್ಷ ನಿವೃತ್ತರಾಗುವವರಿದ್ದರು. ಅವರ ಕುರ್ಚಿಗೆ ಎರಡು ಕೈಗಳಿದ್ದವು. ನಾವು ಕೂರುತ್ತಿದ್ದ ಸ್ಟೂಲಿಗೆ ಬೆನ್ನೂ ಇರಲಿಲ್ಲ. ಬಂಗಾರಪೇಟೆಗೆ ವಾಪಸಾಗುವ ರೈಲಿನಲ್ಲಿ ಆ ಕುರ್ಚಿಯ ಕೈಗಳ ಮೇಲೆ ನನ್ನ ಕೈಗಳನ್ನಿಟ್ಟು ಕೂತಂತೆ ಭಾವಿಸಿಕೊಂಡು ಎಷ್ಟೋ ಸಲ ಒಬ್ಬನೇ ನಕ್ಕಿದ್ದೇನೆ. ತೊಡೆಯ ಮೇಲಿನ ಚೀಲ ಕಣಕಣ ಎನ್ನುತ್ತಿತ್ತು. ಏನ್ರೀ ಅದು ಎಂದು ಪಕ್ಕದವರು ಕೇಳಿದರೆ ದೇವರ ಸಾಮಾನು ಎನ್ನುತ್ತಿದ್ದೆ.

ಮನೆಯಲ್ಲಿ ಹೆಂಡತಿ ಮುನಿರತ್ನ ಚೀಲ ಬಿಚ್ಚಿ ಮೂಸಿ ನೋಡಿದಳು. "ಇದೇನ್ರೀ ಮದ್ದಿನ ವಾಸ್ನೆ? ಜೀವ ತೆಗ್ದಿರೋವ್ನ ದೇವ್ರ ದೀಪದ ಜೊತೆ ಉಜ್ಜಾಕಾಗಲ್ಲ. ಇತ್ತಲಿಗೆ ತಕಂಡೋಗಿ."

ಸಾರಿಗೆ ಹಿಂಡಿ ಉಳಿದ ಹುಣಸೆ ಹಿಪ್ಪೆಯನ್ನು ಶುಕ್ರವಾರದ ದೀಪಗಳಿಗೆಂದು ಎತ್ತಿಡುವುದು ಅವಳ ಪದ್ಧತಿ. ಈಗ ತೋಟಾಗಳಿಗೆ ಬೇರೆ ಮಡಕೆ, ಬೇರೆ ಹಿಪ್ಪೆ, ಬೇರೆ ಬೂದಿ. ಹೊರಗೆ ಉಜ್ಜಿದರೆ ಸಾಲದು, ಕಡ್ಡಿಗೆ ಬಟ್ಟೆ ಸುತ್ತಿ ಒಳಗಿನ ಮಸಿಯನ್ನೂ ತೆಗೆಯಬೇಕು. ಬಾಯಿ ಸೀಳಿದವನ್ನು ಬೇರೆ ಮಾಡಿ, ಉಳಿದವನ್ನು ಮೊರದಲ್ಲಿ ಬೋರಲು ಹಾಕಿ ಬಿಸಿಲಿಗಿಡಬೇಕು. ಅದೆಲ್ಲ ಮುಗಿದ ಮೇಲೆ ಅವಳು ತಲೆಗೆ ನೀರು ಹಾಕಿಕೊಳ್ಳಬೇಕು. ನಾನು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, "ಆ ಮೂಲೆ ಇನ್ನೂ ಕಪ್ಪಗಿದೆ ನೋಡು" ಎಂದು ಸಲಹೆ ಕೊಡುತ್ತಿದ್ದೆ.

"ಬೆಳ್ಳೆಲ್ಲಾ ಸೀಳ್ಕಂಡು ಉರೀತವೆ ಕಣ್ರೀ" ಎಂದು ಒಂದು ದಿನ ಬೆರಳುಗಳನ್ನು ತೋರಿಸಿದಳು.

"ಹೆಡ್ ಕ್ಲರ್ಕ್ ಹೆಂಡತಿ ಆಗ್ತೀಯ, ತಡ್ಕೋ" ಎಂದೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ವರ್ಷ ತುಂಬಿತು. ಕುರ್ಚಿ ನಾರಾಯಣಪ್ಪನ ಪಾಲಾಯಿತು. ಈತ ನನ್ನ ಪಕ್ಕದ ಸ್ಟೂಲಿನವನು, ಸರ್ವಿಸ್‌ನಲ್ಲಿ ನನಗಿಂತ ಕಿರಿಯ. ನನಗೆ ಜ್ವರ ಬಂದಿದ್ದ ಒಂದು ವಾರ ಸಾಹೇಬರು ಅವನಿಗೆ ತೋಟಾ ಕೊಟ್ಟಿದ್ದರಂತೆ. ಪುಣ್ಯಾತ್ಮ ಎರಡು ದಿನ ಹುಣಸೆ ನೀರಿನಲ್ಲೇ ಮರೆತು, ಹಿತ್ತಾಳೆಯನ್ನು ತಾಮ್ರದ ಬಣ್ಣಕ್ಕೆ ತಿರುಗಿಸಿ, ಒಂದೂ ಕೆಲಸಕ್ಕೆ ಬಾರದಂತೆ ಮಾಡಿ ತಂದಿದ್ದ.

ಧೈರ್ಯ ಮಾಡಿ ಸಾಹೇಬರನ್ನು ಕೇಳಿಯೇಬಿಟ್ಟೆ. ಅವರು ನಿಜಕ್ಕೂ ಆಶ್ಚರ್ಯಪಟ್ಟರು. "ನಿನ್ನನ್ನ ಆ ಸೀಟಿಗೆ ಹಾಕಿದ್ರೆ ಪುರಸೊತ್ತೆಲ್ಲಿ ಸಿಗುತ್ತಯ್ಯಾ? ಇದನ್ನ ಯಾರು ನೋಡ್ತಾರೆ? ನಿನ್ನಂಥ ಕೈ ನಾನೆಲ್ಲಿ ಹುಡುಕಲಿ?" ಎಂದು ಆ ವಾರದ ಚೀಲವನ್ನು ನನ್ನ ಕಡೆ ತಳ್ಳಿದರು.

ಚೀಲವನ್ನು ಅಲ್ಲೇ ಬಿಟ್ಟು ಬಂದೆನೆಂದು ಬರೆಯಬಹುದಿತ್ತು. ತೆಗೆದುಕೊಂಡೇ ಬಂದೆ.

ಮುನಿರತ್ನ ಎಲ್ಲವನ್ನೂ ಕೇಳಿಸಿಕೊಂಡಳು. ಎದ್ದು ಹೋಗಿ ಹಿಪ್ಪೆಯ ಮಡಕೆ ತಂದು ನನ್ನ ಮುಂದಿಟ್ಟಳು. "ಸಾಯೇಬ್ರು ಒಗಳಿದ್ದು ನಿಮ್ ಕೈನಲ್ವಾ? ಉಜ್ಜಿ."

ಕೂತು ಉಜ್ಜಿದೆ. ನಾಲ್ಕನೆಯ ಕೊಳವೆಗೆ ಹುಳಿ ಉಗುರಿನ ಸಂದಿಗೆ ಇಳಿಯಿತು.

"ಉರೀತದಾ?" ಎಂದಳು.

"ಇಲ್ಲ" ಎಂದೆ.

ಅವಳು ಮೆಟ್ಟಿಲ ಮೇಲೆ ಕೂತಳು. "ಆ ಮೂಲೆ ಇನ್ನೂ ಕಪ್ಪಗೈತೆ." ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ, "ನಾರಾಯಣಪ್ನಂಗೆ ನೀವೂ ಎಲ್ಡು ದಿನ ನೆನೆಯಾಕ್ ಬಿಟ್ಬಿಡಿ. ಈ ಕಾಟ ಇಲ್ಲಿಗೇ ಮುಗೀತದೆ" ಎಂದಳು.

ಕೊಳವೆಗಳು ಹುಣಸೆ ನೀರಿನಲ್ಲಿದ್ದವು. ನಾನು ಕೈ ತೊಳೆದುಕೊಂಡು ಒಳಗೆ ಹೋದರೆ ಸಾಕಿತ್ತು. ಆದರೆ ನಾರಾಯಣಪ್ಪನೂ ಒಂದು ದಿನ ನಿವೃತ್ತನಾಗುತ್ತಾನಲ್ಲ, ಆಗ ಸಾಹೇಬರಿಗೆ ನನ್ನ ನೆನಪಾಗಬೇಡವೇ ಎನ್ನಿಸಿತು. ಒಂದೊಂದನ್ನೇ ತೆಗೆದು, ಒಳಗೂ ಹೊರಗೂ ಉಜ್ಜಿ ತೊಳೆದು, ಮೊರದಲ್ಲಿ ಬೋರಲು ಹಾಕಿದೆ. ನಾರಾಯಣಪ್ಪ ನನಗಿಂತ ಆರು ವರ್ಷ ಚಿಕ್ಕವನೆಂಬುದು ನೆನಪಿಗೆ ಬಂದದ್ದು, ಕೊನೆಯದನ್ನೂ ಬೋರಲಿಟ್ಟ ಮೇಲೆ.